ಟವೆಲ್ ಹಾಸಿದ ಮಣೆ

"ಬೇಕಾದವರಿಗಾಗಿ ಊಟದ ಜಾಗ ಹಿಡಿದಿಡೂದು ತಪ್ಪೇನ್ರಿ, ಅಜ್ಜಾರ?"

ಕೇಳಿದವನು ಶಂಭುಲಿಂಗ. ಮಠದ ಹಿರಿಯ ಸ್ವಾಮಿಗಳನ್ನು ಎಲ್ಲರೂ ಅಜ್ಜಾರು ಎಂದೇ ಕರೆಯುತ್ತಿದ್ದರು. ಅಜ್ಜಾರು ದೀಪದ ಬತ್ತಿ ಹೊಸೆಯುತ್ತಾ ಕೂತಿದ್ದರು. ಶಿಷ್ಯನ ದನಿಯಲ್ಲಿ ಪ್ರಶ್ನೆಗಿಂತ ದೂರು ಹೆಚ್ಚಾಗಿರುವುದು ಅವರಿಗೆ ಗೊತ್ತಾಯಿತು. ಕೈ ನಿಲ್ಲಿಸದೆ, "ಏನಾತು, ಹೇಳು" ಅಂದರು.

ಶಂಭುಲಿಂಗ ಹೇಳಿದ. ಹಿಂದಿನ ದಿನ ಅಮಾವಾಸ್ಯೆ. ದಾಸೋಹದ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವನ ಬಾಲ್ಯದ ಗೆಳೆಯ ಎಷ್ಟೋ ದಿನಗಳ ಮೇಲೆ ಮಠಕ್ಕೆ ಬರುವವನಿದ್ದ. ಅವನಿಗೆಂದು ಶಂಭುಲಿಂಗ ತನ್ನ ಪಕ್ಕದಲ್ಲಿ ಟವೆಲ್ ಹಾಸಿಟ್ಟಿದ್ದ. ಯಾರೋ ದಾರಿಹೋಕ ಬಂದು ಅದರ ಮೇಲೆ ಕೂತ. ಶಂಭುಲಿಂಗ ಅವನನ್ನು ಎಬ್ಬಿಸಿದ. ಬಡಿಸುತ್ತಿದ್ದ ಹಿರಿಯರು ಅದನ್ನು ಕಂಡು ಎಲ್ಲರ ಎದುರಿಗೆ ಬೈದರು.

"ಎದ್ದವರಿಗೇ ಬ್ಯಾಸರ ಆಗಿಲ್ರಿ. ಇರ್ಲಿ ಬಿಡ್ರಿ, ನಾ ಆಮ್ಯಾಲ ಉಣ್ತೀನಿ ಅಂದ್ರು. ಮತ್ತ ಇವರಿಗ್ಯಾಕ ಬ್ಯಾಸರ? ನಾನೇನು ನನ್ನ ಸಲುವಾಗಿ ಜಾಗ ಹಿಡದಿದ್ನೇನ್ರಿ? ಗೆಳೆಯನ ಸಲುವಾಗಿ ಹಿಡದಿದ್ದೆ. ಪ್ರೀತಿಲೆ ಮಾಡಿದ್ದು ತಪ್ಪು ಹೆಂಗ ಆಗತೈತ್ರಿ?"

"ಬಂದನೇನು ನಿನ್ನ ಗೆಳೆಯ?"

"ಬಂದ್ರಿ. ಪಂಕ್ತಿ ಏಳೂ ಹೊತ್ತಿಗೆ ಬಂದ."

ಅಜ್ಜಾರು ಒಂದು ಬತ್ತಿ ಮುಗಿಸಿ ತಟ್ಟೆಗೆ ಹಾಕಿದರು. "ಪ್ರೀತಿಲೆ ಮಾಡಿದ್ದು ತಪ್ಪಾಗೂದಿಲ್ಲ ಅಂತ ನಿನಗ ಯಾರು ಹೇಳಿದ್ರು? ಕುಂದ್ರು" ಅಂದರು. ಶಂಭುಲಿಂಗ ಕೂತ. ಅಜ್ಜಾರು ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅವನಿಗೆ ಒಬ್ಬನೇ ತಮ್ಮ. ಅಣ್ಣ ಪೇಟೆಯಲ್ಲಿ ಕೂತು ಬೆಲ್ಲ ಮಾರುತ್ತಿದ್ದ. ತಮ್ಮ ಹೊಳೆಯಾಚೆಯ ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಸಿ ಬೆಲ್ಲ ಮಾಡುತ್ತಿದ್ದ. ಮಾರುವ ಬೆಲ್ಲ ಬೇರೆ, ಮನೆಯ ಬೆಲ್ಲ ಬೇರೆ. ಅಣ್ಣನ ಮನೆಗೆಂದು ಕಳಿಸುವ ಬೆಲ್ಲಕ್ಕೆ ಅವನು ಪಾಕ ಇಳಿಸುವ ಹೊತ್ತಿಗೆ ಸ್ವಲ್ಪ ಒಣಶುಂಠಿಯ ಪುಡಿ ಹಾಕುತ್ತಿದ್ದ. ಅವರ ತಾಯಿ ಹಾಗೆ ಮಾಡುತ್ತಿದ್ದಳು. ಅಂಥ ಬೆಲ್ಲ ಆ ಪೇಟೆಯ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಅಣ್ಣನ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಅವನ ಮನೆಯ ಡಬ್ಬಿಯಲ್ಲಿ ಮಾತ್ರ ಇರುತ್ತಿತ್ತು.

ವ್ಯಾಪಾರಿಯ ಮಗಳ ಮದುವೆ ಬಂತು. ತಮ್ಮ ಮೊದಲೇ ಬಂದು ನಿಂತ. ನೀರು ಹೊತ್ತ, ಕಟ್ಟಿಗೆ ಸೀಳಿದ, ಒಲೆಯ ಮುಂದೆ ನಿಂತು ಅಡಿಗೆಯವರಿಂದ ಕೆಲಸ ತೆಗೆದ. ಅಕ್ಕಿಕಾಳು ಬಿದ್ದು ಮದುವೆ ಮುಗಿದ ಮೇಲೆ ಮದುಮಗಳು ಅವನ ಕೈ ಹಿಡಿದುಕೊಂಡಳು. "ಕಾಕಾ, ನೀ ಮುಂಜಾನಿಂದ ಏನೂ ತಿಂದಿಲ್ಲ. ಮೊದಲ್ನೇ ಪಂಕ್ತಿಗೆ ಕುಂದರಬೇಕು ನೋಡು" ಅಂದಳು. ಮದುಮಗಳ ಮಾತು ಮೀರುವುದು ಹೇಗೆ? ಅವನು ಕೂತ. ಎಲೆಗೆ ನೀರು ಚಿಮುಕಿಸಿದ. ಎಲೆಯ ಮೂಲೆಗೆ ಉಪ್ಪು ಬಿತ್ತು.

ಅಷ್ಟರಲ್ಲಿ ಬೀಗರ ಕಡೆಯ ಹಿರಿಯನೊಬ್ಬ ತಡವಾಗಿ ಬಂದ. ಪಂಕ್ತಿಯಲ್ಲಿ ಒಂದು ಎಲೆಯೂ ಖಾಲಿ ಇಲ್ಲ. ಬೀಗರೆಂದರೆ ಗೊತ್ತಲ್ಲ, ಹಪ್ಪಳ ಮುರಿದಿದ್ದರೂ ಮುನಿಯುವ ಜನ. ವ್ಯಾಪಾರಿ ಗಾಬರಿಯಾದ. ಪಂಕ್ತಿಯ ಉದ್ದಕ್ಕೂ ಕಣ್ಣಾಡಿಸಿದ. ಯಾರನ್ನು ಎಬ್ಬಿಸಿದರೆ ಯಾರೂ ಏನೂ ಅನ್ನುವುದಿಲ್ಲ ಎಂದು ಹುಡುಕಿದ. ತಮ್ಮ ಕಂಡ.

"ಏಳೋ ತಮ್ಮಾ, ಇವರು ಕುಂದರ್ಲಿ. ನೀ ಮನೀ ಮಂದಿ, ಆಮ್ಯಾಲ ಉಂಡ್ರಾತು."

ತಮ್ಮ ಮುಖ ಎತ್ತಿ ಅಣ್ಣನನ್ನು ನೋಡಿದ. "ಇರ್ಲಿ ಅಣ್ಣಾ, ಆಮ್ಯಾಲ ಉಣ್ತೀನಿ" ಅಂದ. ಎದ್ದ.

ವೈರಿಯೇ ಬಂದು ಎಲೆಯ ಮುಂದೆ ಕೂತರೂ ಅವನನ್ನು ಎಬ್ಬಿಸಬಾರದು. ಇದು ವ್ಯಾಪಾರಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಬೇರೆ ಯಾರನ್ನೇ ಆಗಲಿ, ಹಮಾಲಿಯನ್ನೂ, ಅವನು ಎಬ್ಬಿಸುತ್ತಿರಲಿಲ್ಲ. ತಮ್ಮನಾದರೆ ನಡೆಯುತ್ತದೆ ಅಂದುಕೊಂಡ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಮ್ಮ ಹಿರಿಯರು ಗಿಡದ ಸಲುವಾಗಿ ಮಾಡಲಿಲ್ಲ.

ಎರಡನೆಯ ಪಂಕ್ತಿ ಎದ್ದಿತು. ಮೂರನೆಯದೂ ಎದ್ದಿತು. ಸಂಜೆ ಮಗಳನ್ನು ಕಳಿಸಿಕೊಡುವಾಗ ವ್ಯಾಪಾರಿಗೆ ತಮ್ಮನ ನೆನಪಾಯಿತು. ಹುಡುಕಿದರೆ ತಮ್ಮ ಇರಲಿಲ್ಲ. ಉಂಡು ಹೋದನೋ ಉಣ್ಣದೆ ಹೋದನೋ ಹೇಳುವವರೂ ಇರಲಿಲ್ಲ.

ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಈ ಅಣ್ಣತಮ್ಮಂದಿರ ನಡುವೆ ಮಾತೂ ಆಗಲಿಲ್ಲ, ಜಗಳವೂ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ಜಗಳವಾಡಿದವರನ್ನು ನಾಲ್ಕು ಜನ ಕೂಡಿಸಿ ರಾಜಿ ಮಾಡಿಸಬಹುದು. ಸುಮ್ಮನೆ ಎದ್ದು ಹೋದವನನ್ನು ಯಾರು ಎಲ್ಲಿಂದ ಕರೆತರಬೇಕು?

ಮೊದಮೊದಲು ವ್ಯಾಪಾರಿಗೇ ಸಿಟ್ಟು ಬಂತು. "ಒಂದು ಎಲಿ ಸಲುವಾಗಿ ಇಷ್ಟು ಸೆಟಗೊಂಡು ಹೋದ್ರ ಹೋಗ್ಲಿ" ಅಂದ. ಆ ವರ್ಷ ಶುಂಠಿಯ ಬೆಲ್ಲ ಬರಲಿಲ್ಲ. ಮರುವರ್ಷವೂ ಬರಲಿಲ್ಲ. ಡಬ್ಬಿ ಖಾಲಿಯಾಯಿತು. ಅವನು ಅದಕ್ಕೆ ಅಂಗಡಿಯ ಬೆಲ್ಲ ತುಂಬಿದ.

ಕೆಲವು ವರ್ಷಗಳ ಮೇಲೆ ಅವನ ಹೆಂಡತಿ ಹಾಸಿಗೆ ಹಿಡಿದಳು. ಹೋಗುವ ಮೊದಲು ಒಂದು ಮಾತು ಹೇಳಿದಳು. "ಆವತ್ತು ನಿಮ್ಮ ತಮ್ಮನ ಪಾಲಿಂದು ಅಂತ ನಾ ಒಂದು ಊಟ ಮುಚ್ಚಿಟ್ಟಿದ್ದೆ. ಮರುದಿನ ಅದನ್ನ ಆಕಳಿಗೆ ಹಾಕಿದೆ. ಅವ ಉಣ್ಣಲೇ ಇಲ್ರಿ." ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ವ್ಯಾಪಾರಿ ಕೇಳಿದ. "ನೀವು ಕೇಳಲೇ ಇಲ್ಲಲ್ಲ" ಅಂದಳು.

ಅವಳು ತೀರಿಕೊಂಡಳು. ಸುದ್ದಿ ಹೊಳೆ ದಾಟುವ ಹೊತ್ತಿಗೆ ತಮ್ಮ ಆ ಊರು ಬಿಟ್ಟು ಬೇರೆ ಯಾವುದೋ ಆಲೆಮನೆಗೆ ಹೋಗಿದ್ದ. ಕಬ್ಬು ಇದ್ದಲ್ಲಿ ಅವನ ಊರು. ಎಲ್ಲಿದ್ದಾನೆಂದು ಖಚಿತವಾಗಿ ಹೇಳುವವರು ಯಾರೂ ಸಿಗಲಿಲ್ಲ.

ಮನೆಯಲ್ಲಿ ಒಲೆ ಆರಿತು. ವ್ಯಾಪಾರಿ ಪೇಟೆಯ ಖಾನಾವಳಿಗೆ ಊಟಕ್ಕೆ ಹೋಗತೊಡಗಿದ. ಒಬ್ಬನೇ ಕೂತು ಉಣ್ಣುವಾಗ ಮನುಷ್ಯನಿಗೆ ಏನೇನೋ ನೆನಪಾಗುತ್ತದೆ. ಅವನಿಗೆ ಮದುವೆಯ ಪಂಕ್ತಿ ನೆನಪಾಯಿತು. ಎಲೆಯ ಮೂಲೆಯ ಉಪ್ಪು ನೆನಪಾಯಿತು. ತಮ್ಮ ಮುಖ ಎತ್ತಿ ನೋಡಿದ್ದು ನೆನಪಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆ ವಯಸ್ಸಿನಲ್ಲಿ ಅವನಿಗೆ ಬೇಕಾಗಿದ್ದದ್ದು ಒಂದೇ. ತಮ್ಮನನ್ನು ಪಕ್ಕಕ್ಕೆ ಕೂರಿಸಿಕೊಳ್ಳಬೇಕು. ಅವನು ಹೊಟ್ಟೆ ತುಂಬ ಉಂಡೇಳುವ ತನಕ ತಾನು ಏಳಬಾರದು.

ದೂರದ ಸೇತುವೆ ಸುತ್ತಿ ಹೊಳೆಯಾಚೆಯಿಂದ ಬೆಲ್ಲ ತರುವ ಬಂಡಿಯವರ ಕೈಯಲ್ಲಿ ಹೇಳಿ ಕಳಿಸಿದ. "ನನ್ನ ತಮ್ಮ ಎಲ್ಲ್ಯರ ಕಂಡ್ರ, ಒಂದು ಸಂತೀ ದಿನ ಬಂದು ಹೋಗು ಅಂತ ಹೇಳ್ರಿ." ಇಷ್ಟೇ ಹೇಳಿದ. ಯಾಕೆ ಬರಬೇಕು ಎಂಬುದನ್ನು ಬಂಡಿಯವರ ಮುಂದೆ ಹೇಳಲು ಬಾಯಿ ಬರಲಿಲ್ಲ. ತಪ್ಪಾಯಿತು ಎಂಬುದು ಸಣ್ಣ ಮಾತು. ಸಣ್ಣವರ ಬಾಯಿಂದ ಸಲೀಸಾಗಿ ಬರುತ್ತದೆ, ದೊಡ್ಡವರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಆ ಖಾನಾವಳಿಯನ್ನು ಒಬ್ಬ ಹೆಂಗಸು ನಡೆಸುತ್ತಿದ್ದಳು. ಉಣ್ಣಲು ಬರುವವರೆಲ್ಲ ಅವಳನ್ನು ಅವ್ವ ಅನ್ನುತ್ತಿದ್ದರು. ಉದ್ದನೆಯ ಪಡಸಾಲೆ, ಎದುರುಬದುರು ಮಣೆಗಳ ಎರಡು ಸಾಲು. ಮಣೆಯ ಮೇಲೆ ಟವೆಲ್ ಬಿದ್ದರೆ ಆ ಜಾಗ ಟವೆಲ್ ಹಾಕಿದವನದು, ಇನ್ನೊಬ್ಬ ಮುಟ್ಟುವ ಹಾಗಿಲ್ಲ. ಕೈಕಾಲು ತೊಳೆಯಲು ಹೋದವನಿಗೆ, ಎತ್ತಿಗೆ ಮೇವು ಹಾಕಲು ಹೋದವನಿಗೆ ಅನುಕೂಲವಾಗಲಿ ಎಂದು ಮಾಡಿಕೊಂಡ ಪದ್ಧತಿ ಅದು. ಹೋದವನು ಕೂಡಲೇ ಬರುತ್ತಿದ್ದ, ಕೂಡುತ್ತಿದ್ದ. ಯಾರಿಗೂ ತೊಂದರೆಯಿರಲಿಲ್ಲ.

ವ್ಯಾಪಾರಿ ಸಂತೆಯ ದಿನ ಎಲ್ಲರಿಗಿಂತ ಮೊದಲು ಬರುತ್ತಿದ್ದ. ಒಂದು ಮಣೆಯ ಮೇಲೆ ಕೂತು, ಪಕ್ಕದ ಮಣೆಯ ಮೇಲೆ ಹೆಗಲ ಟವೆಲ್ ತೆಗೆದು ಹಾಸುತ್ತಿದ್ದ. ಊಟದ ಹೊತ್ತು ಮುಗಿಯುವ ತನಕ ಅದು ಅಲ್ಲೇ ಇರುತ್ತಿತ್ತು.

ಸಂತೆಯ ದಿನ ಖಾನಾವಳಿಯಲ್ಲಿ ಎಷ್ಟು ನೂಕುನುಗ್ಗಲು ಇರುತ್ತದೆ ಎಂದು ಹೇಳಬೇಕಿಲ್ಲ. ಹಮಾಲಿಗಳು ಬರುತ್ತಿದ್ದರು, ಕಾಯಿಪಲ್ಯ ಮಾರಲು ಬಂದವರು ಬರುತ್ತಿದ್ದರು. "ಇಲ್ಲಿ ಯಾರರ ಅದಾರೇನ್ರಿ?" ಎಂದು ಕೇಳುತ್ತಿದ್ದರು. ವ್ಯಾಪಾರಿ ಟವೆಲ್ ಮೇಲೆ ಕೈಯಿಟ್ಟು, "ಬರ್ತಾರ" ಅನ್ನುತ್ತಿದ್ದ. ಅವರು ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಒಮ್ಮೆ ಒಬ್ಬ ಮುದುಕ ನಿಂತು ನಿಂತು ಸಾಕಾಗಿ, ಎರಡು ರೊಟ್ಟಿ ಕೈಯಲ್ಲೇ ಇಸಿದುಕೊಂಡು ಹೊರಗೆ ಬಿಸಿಲಲ್ಲಿ ಕೂತು ತಿಂದ. ವ್ಯಾಪಾರಿ ಅದನ್ನು ನೋಡಲಿಲ್ಲ. ಅವನೇನು ಕೆಟ್ಟವನಲ್ಲ. ಅವನ ಕಣ್ಣು ಬಾಗಿಲ ಕಡೆಗಿತ್ತು, ಬರುವವನೊಬ್ಬನ ಮುಖಕ್ಕಾಗಿ ಕಾಯುತ್ತಿತ್ತು. ಬಂದವರ ಮುಖ ಅದಕ್ಕೆ ಕಾಣುತ್ತಿರಲಿಲ್ಲ.

ಅವ್ವ ಮಾತ್ರ ಸುಮ್ಮನಿರಲಿಲ್ಲ. ರೊಟ್ಟಿಯ ಬುಟ್ಟಿ ಹಿಡಿದು ಬಂದು ಅವನ ಎದುರಿಗೇ ನಿಂತಳು. "ಸಾವ್ಕಾರ್ರ, ಮಣಿ ಉಣ್ಣೂದಿಲ್ರಿ, ಮಂದಿ ಉಣ್ತಾರ. ಆ ಟವೆಲ್ ತಗೀರಿ. ಹಸದವರು ಬಾಗಲದಾಗ ನಿಂತಾರ."

"ಇವತ್ತು ಬರ್ತಾರವ್ವಾ."

"ಯಾರ್ರಿ ಅವರು, ಅಷ್ಟ ದೊಡ್ಡವರು?"

ತಮ್ಮ ಎಂದು ಹೇಳಬಹುದಿತ್ತು. ಹೇಳಿದರೆ, ಒಡಹುಟ್ಟಿದವನಿಗೆ ಖಾನಾವಳಿಯಲ್ಲಿ ಯಾಕೆ ಕಾಯುತ್ತೀರಿ ಎಂದು ಅವಳು ಕೇಳುತ್ತಾಳೆ. ಅದಕ್ಕೆ ಉತ್ತರ ಕೊಡಬೇಕಾದರೆ ಮದುವೆಯ ಎಲೆಯ ತನಕ ಹೋಗಬೇಕಾಗುತ್ತದೆ. ವ್ಯಾಪಾರಿಗೆ ನಾಚಿಕೆಯಾಯಿತು. "ಭಾಳ ಬೇಕಾದವರು" ಅಂದ.

ಬರಬರುತ್ತಾ ಅವ್ವ ಕೇಳುವುದನ್ನು ಬಿಟ್ಟಳು. ಅವಳಿಗೆ ಅವನ ಮೇಲೆ ಮರುಕ ಹುಟ್ಟಿತು. ಯಾರೋ ಬರಬೇಕು, ಬರುತ್ತಿಲ್ಲ, ಪಾಪ ಅಂದುಕೊಂಡಳು. ವ್ಯಾಪಾರಿ ಟವೆಲ್ ಹಾಸಿಟ್ಟು, ಊಟಕ್ಕೆ ಮೊದಲು ಹೊಳೆಯ ದಂಡೆಗೆ ಹೋಗಿ ದೋಣಿ ನೋಡಿ ಬರುವ ರೂಢಿ ಮಾಡಿಕೊಂಡ. ಅವನಿಲ್ಲದಾಗ ಆ ಮಣೆ ಕಾಯುವ ಕೆಲಸ ಅವ್ವನ ಪಾಲಿಗೆ ಬಂತು. ಅವಳು ಅವನಿಗಿಂತ ಬಿಗಿಯಾಗಿ ಕಾದಳು. ಬೇಡ ಅಂದವಳೇ ಕಾವಲಿಗೆ ನಿಂತಳು ನೋಡು.

ಒಂದು ಸಂತೆಯ ದಿನ ವ್ಯಾಪಾರಿ ಎಂದಿನಂತೆ ದಂಡೆಗೆ ಹೋದ. ದೋಣಿ ಬಂತು. ಇಳಿದವರಲ್ಲಿ ತಮ್ಮ ಇರಲಿಲ್ಲ. ಇನ್ನೊಂದು ದೋಣಿ ನೋಡೋಣ ಎಂದು ನಿಂತ. ಅದರಲ್ಲೂ ಇರಲಿಲ್ಲ. ತಿರುಗಿ ಖಾನಾವಳಿಗೆ ಬಂದು ಕೂತ.

"ಇವತ್ತೂ ಬರಲಿಲ್ಲೇನ್ರಿ?" ಅಂದಳು ಅವ್ವ.

"ಇಲ್ಲವ್ವಾ."

ಅವಳು ರೊಟ್ಟಿ ಹಾಕಿದಳು, ಪಲ್ಯ ಹಾಕಿದಳು, ಎಲೆಯ ಮೂಲೆಗೆ ಒಂದು ಚೂರು ಬೆಲ್ಲ ಇಟ್ಟಳು. ವ್ಯಾಪಾರಿಗೆ ಹಸಿವಿರಲಿಲ್ಲ. ಸುಮ್ಮನೆ ಆ ಬೆಲ್ಲ ಬಾಯಿಗೆ ಹಾಕಿಕೊಂಡ. ಸಿಹಿ ಕರಗಿದ ಮೇಲೆ ಶುಂಠಿಯ ಖಾರ ನಾಲಿಗೆಗೆ ತಾಗಿತು. ಅವನ ಕೈ ಎಲೆಯ ಮೇಲೆ ನಿಂತಿತು.

"ಅವ್ವಾ, ಈ ಬೆಲ್ಲ ಎಲ್ಲಿಂದು?"

"ಯಾರೋ ಒಬ್ರು ಕೊಟ್ಟು ಹೋದ್ರು ನೋಡ್ರಿ" ಅಂದಳು ಅವ್ವ. ಬಡಿಸುತ್ತಲೇ ಹೇಳುತ್ತಾ ಹೋದಳು. ಬೆಲ್ಲದ ಬಂಡಿಯಲ್ಲಿ ಬಂದವರಂತೆ. ಮೊದಲು ವ್ಯಾಪಾರಿಯ ಅಂಗಡಿಗೆ ಹೋಗಿದ್ದರಂತೆ, ಬಾಗಿಲು ಹಾಕಿತ್ತಂತೆ. ಸಾವ್ಕಾರ್ರು ಇಲ್ಲಿ ಊಟಕ್ಕೆ ಬರುತ್ತಾರೆ ಎಂದು ಯಾರೋ ದಾರಿ ತೋರಿಸಿದರಂತೆ. ಸಾವ್ಕಾರ್ರ ಜಾಗ ಯಾವುದು ಎಂದು ಕೇಳಿ, ಪಕ್ಕದ ಟವೆಲ್ ಸರಿಸಿ ಕೂತೇಬಿಟ್ಟರಂತೆ.

"ನಾ ಬಿಡ್ತೀನೇನ್ರಿ? ಏಳ್ರಿ ಯಪ್ಪಾ, ಅದು ಸ್ವಂತ ಸಾವ್ಕಾರ್ರೇ ಭಾಳ ಬೇಕಾದವರಿಗೆ ಹಿಡದಿಟ್ಟ ಜಾಗ ಅಂದೆ. ಬೀಗರು ಬರೋರದಾರೇನ್ರಿ ಅಂತ ಕೇಳಿದ್ರು. ನನಗೇನು ಗೊತ್ರಿ? ಇರಬೇಕು ಅಂದೆ."

"ಏನಂದ ಅವ?" ವ್ಯಾಪಾರಿ ಕೇಳಿದ.

"ಪಾಪ, ಭಾಳ ಒಳ್ಳೇ ಮನಶ್ಯಾ ರೀ. ಒಂದು ಮಾತು ಎದುರಾಡ್ಲಿಲ್ಲ. ಎದ್ದು ಟವೆಲ್ ಮೊದಲಿನಂಗ ಹಾಸಿದ್ರು. ಚೀಲದಾಗಿಂದ ಬೆಲ್ಲ ತಗದು, ಬರೋರ ಎಲಿಗೆ ಇದನ್ನೂ ಬಡಸ್ರಿ ಅಂತ ಕೊಟ್ರು. ಬ್ಯಾರೆ ಮಣಿ ಖಾಲಿ ಆಗ್ತೈತಿ, ಉಂಡು ಹೋಗ್ರಿ ಅಂದೆ. ಇರ್ಲಿ, ಆಮ್ಯಾಲ ಉಣ್ತೀನಿ ಅಂದ್ರು."

ವ್ಯಾಪಾರಿ ಎಲೆಯ ಮುಂದಿನಿಂದ ಎದ್ದ. ಎಂಜಲು ಕೈಯಲ್ಲೇ ಬಂಡಿಗಳು ನಿಲ್ಲುವ ಬಯಲಿಗೆ ಓಡಿದ. ಬೆಲ್ಲ ಇಳಿಸಿದ ಬಂಡಿಗಳೆಲ್ಲ ಹೋಗಿಯಾಗಿತ್ತು. ಯಾವ ದಾರಿ ಹಿಡಿದವೆಂದು ಕೇಳಿದ. ನಾಲ್ಕು ಜನ ನಾಲ್ಕು ದಾರಿ ತೋರಿಸಿದರು. ಒಂದು ದಾರಿ ಹಿಡಿದು ಊರ ಹೊರಗಿನ ತನಕ ಓಡಿದ. ಅಲ್ಲಿಂದ ಮುಂದೆ ಬಂಡಿಯ ಸುಳಿವೇ ಇರಲಿಲ್ಲ.

ಅವನು ದಾರಿಯ ಮಗ್ಗುಲಿಗೆ ಕೂತು ಅತ್ತ. ಮೊದಲನೆಯ ಸಲ ತಮ್ಮನನ್ನು ಎಬ್ಬಿಸಿದ್ದು ಉಡಾಫೆಯಿಂದ. ಎರಡನೆಯ ಸಲ ಎಬ್ಬಿಸಿದ್ದು ಪ್ರೀತಿಯಿಂದ. ಎದ್ದು ಹೋದವನಿಗೆ ಎರಡೂ ಒಂದೇ ಆಗಿ ಕಂಡಿತು. ಭಾಳ ಬೇಕಾದವರು ಎಂಬ ಮಾತು ಕಿವಿಗೆ ಬಿದ್ದಾಗ, ಅದು ನಾನೇ ಇರಬಹುದು ಎಂದು ಅವನಿಗೆ ಹೊಳೆಯಲಿಲ್ಲ. ಹೊಳೆಯುವಂತೆ ಅಣ್ಣ ಅವನನ್ನು ಯಾವತ್ತೂ ನಡೆಸಿಕೊಂಡಿರಲಿಲ್ಲ. ಇದು ವ್ಯಾಪಾರಿಗೆ ಅಲ್ಲಿ ಕೂತಾಗ ತಿಳಿಯಿತು.

ಮತ್ತೆ ಹೇಳಿ ಕಳಿಸಿದ. ಈ ಸಲ ಬಾಯಿ ಬಿಟ್ಟು ಎಲ್ಲವನ್ನೂ ಹೇಳಿದ. ಎಲೆಯಿಂದ ಎಬ್ಬಿಸಿದ್ದನ್ನು ಹೇಳಿದ, ತಪ್ಪಾಯಿತು ಎಂಬುದನ್ನೂ ಹೇಳಿದ. ಬಂಡಿಯವರು ತಲೆದೂಗಿದರು, ಒಳ್ಳೆಯ ಮಾತು ಅಂದರು. ಆದರೆ ಆ ಮಾತು ಹೊತ್ತು ಅವರು ಹೋದ ಯಾವ ಆಲೆಮನೆಯಲ್ಲೂ ಅವನ ತಮ್ಮ ಸಿಗಲಿಲ್ಲ.

ಆ ಮೇಲೆ ವ್ಯಾಪಾರಿ ಹೆಗಲ ಮೇಲೆ ಟವೆಲ್ ಹಾಕುವುದನ್ನೇ ಬಿಟ್ಟ. ಖಾನಾವಳಿಯ ಬಾಗಿಲಲ್ಲಿ ಯಾರು ಬಂದು ನಿಂತರೂ, "ಬಾ ತಮ್ಮಾ, ಕುಂದ್ರು" ಎಂದು ಪಕ್ಕದ ಮಣೆ ತೋರಿಸುತ್ತಿದ್ದ. ಅವರು ಉಂಡೇಳುವ ತನಕ ತಾನು ಏಳುತ್ತಿರಲಿಲ್ಲ. ಎಂಥ ಸಾವ್ಕಾರ, ಎಂಥ ಮನಸ್ಸು ಎಂದು ಜನ ಹೊಗಳುತ್ತಿದ್ದರು. ಅವನಿಗೆ ಆ ಹೊಗಳಿಕೆಯೂ ಸೇರುತ್ತಿರಲಿಲ್ಲ, ಊಟವೂ ಸೇರುತ್ತಿರಲಿಲ್ಲ.

ಅಜ್ಜಾರು ಇಷ್ಟು ಹೇಳಿ ನಿಲ್ಲಿಸಿದರು. ಹೊಸೆದ ಬತ್ತಿಗಳನ್ನು ಎಣ್ಣೆಯ ಬಟ್ಟಲಿಗೆ ಅದ್ದತೊಡಗಿದರು. ಶಂಭುಲಿಂಗನಿಗೆ ತಾನು ಯಾವ ದೂರು ತಂದಿದ್ದೆ ಎಂಬುದೇ ಮರೆತುಹೋಗಿತ್ತು. ಅವನ ಮನಸ್ಸು ಆ ಬಂಡಿಯ ಹಿಂದೆ ಹೋಗಿತ್ತು.

"ಆ ತಮ್ಮ ಮತ್ತ ಬರಲೇ ಇಲ್ಲೇನ್ರಿ, ಅಜ್ಜಾರ?"

ಅಜ್ಜಾರು ತಲೆ ಎತ್ತಿ ಅವನನ್ನು ನೋಡಿದರು.

"ಅದಿರ್ಲಿ. ನಿನ್ನೆ ನೀ ಎಬ್ಬಿಸಿದವರು ಆಮ್ಯಾಲ ಉಂಡ್ರೇನು?"